ಡಿ ಡ್ರೈವಿನಲ್ಲಿ ಕಳೆದ ಜಾಗ

ಕಂಪ್ಯೂಟರು ಮತ್ತೆ ಅದೇ ಹಾಡು ಹಾಡಿತು: ಡಿಸ್ಕಿನಲ್ಲಿ ಜಾಗವಿಲ್ಲ.

ಮಾರ್ತಾಂಡ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎರಡೂ ಕಣ್ಣನ್ನು ಅಂಗೈಯಿಂದ ಉಜ್ಜಿಕೊಂಡ. ಗೋಕಾಕದ ಮದುಮಕ್ಕಳ ವಿಡಿಯೋ ಮುಕ್ಕಾಲು ಭಾಗ ತಯಾರಾಗಿ ಅಲ್ಲಿಗೇ ನಿಂತಿತ್ತು. ವರ ವಧುವನ್ನು ಎತ್ತಿಕೊಂಡು ಜೇಜುರಿಯ ಮೆಟ್ಟಿಲು ಹತ್ತುವ ಹೊತ್ತಿಗೆ ಸರಿಯಾಗಿ ಯಂತ್ರದ ದಮ್ಮು ಕಟ್ಟುತ್ತಿತ್ತು. ಪಾಪ, ಆ ಹುಡುಗ ವಾರದಿಂದ ಹೆಂಡತಿಯನ್ನು ಹೊತ್ತುಕೊಂಡು ಅದೇ ಮೆಟ್ಟಿಲ ಮೇಲೆ ನಿಂತಿದ್ದ. ಇಳಿಸುವಂತಿಲ್ಲ, ಹತ್ತುವಂತಿಲ್ಲ. ಈಚೆಗೆ ಮಾರ್ತಾಂಡನಿಗೆ ತನ್ನ ಬದುಕೂ ಹಾಗೆಯೇ ಅನ್ನಿಸತೊಡಗಿತ್ತು.

ಹಡಪಸರದ ದೊಡ್ಡ ರಸ್ತೆಯಿಂದ ಎರಡು ತಿರುವು ಒಳಗೆ ಬಂದರೆ ಅವನ ಮಲ್ಹಾರಿ ಸ್ಟುಡಿಯೋ. ಮುಂದಿನ ಕೋಣೆ ಸ್ಟುಡಿಯೋ, ಹಿಂದಿನ ಎರಡು ಕೋಣೆ ಮನೆ. ಸವದತ್ತಿ ಕಡೆಯ ಮನೆತನ. ಅಪ್ಪನ ಕಾಲಕ್ಕೆ ಪುಣೆ ಸೇರಿದ್ದು. ಮನೆದೇವರು ಮೈಲಾರಲಿಂಗನಾದ್ದರಿಂದ ಇವನಿಗೆ ಮಾರ್ತಾಂಡನೆಂದು ಹೆಸರಿಟ್ಟರು, ಹೊಟ್ಟೆಪಾಡನ್ನೂ ಆ ದೇವರೇ ನೋಡಿಕೊಂಡ. ಮದುವೆಯಾದ ಹೊಸತರಲ್ಲಿ ಬೆಳಗಾವಿ, ಬಾಗಲಕೋಟೆ ಕಡೆಯವರು ಜೇಜುರಿ ಬೆಟ್ಟದ ಖಂಡೋಬನಿಗೆ, ಅಂದರೆ ಅದೇ ಮೈಲಾರಲಿಂಗನಿಗೆ, ನಡೆದುಕೊಳ್ಳಲು ಗಾಡಿ ಮಾಡಿಕೊಂಡು ಬರುತ್ತಾರೆ. ಭಂಡಾರದ ಅರಿಸಿನಪುಡಿ ಹಾರಿಸುವುದು, ಗಂಡು ಹೆಣ್ಣನ್ನು ಎತ್ತಿಕೊಂಡು ಒಂದಷ್ಟು ಮೆಟ್ಟಿಲು ಹತ್ತುವುದು, ಅತ್ತೆ ನಗುವುದು, ಮಾವ ಏದುಸಿರು ಬಿಡುವುದು, ಇದನ್ನೆಲ್ಲ ಹಿಡಿಯಲು ಅವರಿಗೆ ತಮ್ಮ ಮಾತು ಬಲ್ಲ ಕ್ಯಾಮೆರಾದವರು ಬೇಕು. ಅಂಥವರು ಇಬ್ಬರಿದ್ದರು: ಮಾರ್ತಾಂಡ ಮತ್ತು ಅವನ ಗೆಳೆಯ ಕಾಶಪ್ಪ. ಎಷ್ಟೋ ವರ್ಷದ ಭಂಡಾರ ಆ ಕಂಪ್ಯೂಟರಿನ ಕೀಲಿಮಣೆಯ ಸಂದಿಗಳಲ್ಲಿ ಹಳದಿಯಾಗಿ ಕೂತಿತ್ತು. ಎಷ್ಟು ಊದಿದರೂ ಹೋಗುತ್ತಿರಲಿಲ್ಲ.

ಈಗ ಪ್ರಶ್ನೆ ಡಿ ಡ್ರೈವಿನದು. ಅದರಲ್ಲಿದ್ದ ಫೋಲ್ಡರುಗಳನ್ನೆಲ್ಲ ಒಟ್ಟಿಗೆ ಆರಿಸಿ 'ನೀವೆಲ್ಲ ಸೇರಿ ಎಷ್ಟು?' ಎಂದು ಕೇಳಿದರೆ ಡ್ರೈವಿನ ಅರ್ಧದಷ್ಟು ಎನ್ನುತ್ತಿದ್ದವು. ಡ್ರೈವನ್ನೇ ಕೇಳಿದರೆ ಅದು ಕೆಂಪಗಾಗಿ 'ನಾನು ಭರ್ತಿ' ಎನ್ನುತ್ತಿತ್ತು. ಉಳಿದರ್ಧ ಎಲ್ಲಿ ಹೋಯಿತು? ಮಾರ್ತಾಂಡ ತಾತ್ಕಾಲಿಕ ಕಡತಗಳನ್ನು ಒರೆಸಿದ. ಬೇಡದ ಸಾಫ್ಟ್‌ವೇರ್ ತೆಗೆದ. ಹಳೆಯ ಬ್ಯಾಕಪ್ ಕಿತ್ತುಹಾಕಿದ. ಕಸದ ಬುಟ್ಟಿಯಲ್ಲಿ ನೋಡಿದ. ಅಲ್ಲಿ ಊಟದ ಪಂಕ್ತಿಯ ಅಲುಗಾಡಿದ ಚಿತ್ರ, ಬೀಗರ ಬೆನ್ನು, ಯಾರದೋ ಚಪ್ಪಲಿ, ಇಷ್ಟೇ. ಅದನ್ನೂ ಖಾಲಿ ಮಾಡಿದ. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆಯಷ್ಟು ಜಾಗ ಬಂತು. ರಸ್ತೆಯ ಆಚೆ ಕಂಪ್ಯೂಟರ್ ಅಂಗಡಿಯಿಟ್ಟ ಕಾರ್ತಿಕ ಬಂದು ಹತ್ತು ನಿಮಿಷ ಮೌಸು ಆಡಿಸಿ, "ಕಾಕಾ, ಡಿಸ್ಕ್ ಮುದುಕ ಆಗೇದ. ಹೊಸದು ಹಾಕಿಸಿಬಿಡ್ರಿ," ಎಂದು ಕೈತೊಳೆದುಕೊಂಡ.

ಹೊಸದು ತಂದರೆ ಗೋಕಾಕದ ವಿಡಿಯೋ ಮುಗಿಯುತ್ತಿತ್ತು, ಸಂಶಯ ಮುಗಿಯುತ್ತಿರಲಿಲ್ಲ.

ಸಂಶಯ ಕಾಶಪ್ಪನ ಮೇಲೆ. ಹೇಳಿಕೊಳ್ಳಲು ನಾಚಿಕೆ, ಆದರೂ ಇತ್ತು. ಆ ಕಂಪ್ಯೂಟರನ್ನು ಮುಟ್ಟುವವರು ಮೂವರೇ. ಮಾರ್ತಾಂಡ ಕತ್ತರಿಸಿ ಜೋಡಿಸುತ್ತಿದ್ದ. ಅವನ ಹೆಂಡತಿ ಇಂದೂ ಮಧ್ಯಾಹ್ನದ ಪಾತ್ರೆ ತೊಳೆದು ಬಂದು ಕೂತು, ಕೆಟ್ಟುಹೋದ ತುಣುಕುಗಳನ್ನು ಬೇರ್ಪಡಿಸಿ ಎಸೆಯುತ್ತಿದ್ದಳು. ಅಕ್ಕಿ ಆರಿಸಿದಂತೆ ಆರಿಸುತ್ತಿದ್ದಳು, ಒಂದು ಕಲ್ಲು ಉಳಿಯುತ್ತಿರಲಿಲ್ಲ. ಕಾಶಪ್ಪ ಕ್ಯಾಮೆರಾದಿಂದ ತೆಗೆದು ತುಂಬುತ್ತಿದ್ದ. ಮಾರ್ತಾಂಡನ ಬಲಮಂಡಿ ಕೈಕೊಟ್ಟ ಮೇಲೆ ಬೆಟ್ಟದ ಮೇಲಿನ ಮುಖ್ಯ ಕೆಲಸವೆಲ್ಲ ಅವನದೇ. ಆ ಕಾಶಪ್ಪನನ್ನು ಬಾರಾಮತಿಯ ಸ್ಟುಡಿಯೋದವರೊಬ್ಬರು ಕೆಲವು ತಿಂಗಳಿಂದ ಕರೆಯುತ್ತಿದ್ದರು. ಒಂದೆರಡು ಮದುವೆಗೆ ಹೋಗಿಯೂ ಬಂದಿದ್ದ, ಹೇಳಿಯೇ ಹೋಗಿದ್ದ. ಆದರೆ ದಣಿದ ಮನುಷ್ಯನ ತಲೆಗೆ ಒಂದು ಹುಳ ಹೊಕ್ಕರೆ ಅದು ಸುಮ್ಮನೆ ಮಲಗುತ್ತದೆಯೇ? ಬಾರಾಮತಿಯ ಕೆಲಸವನ್ನೆಲ್ಲ ತಂದು ನನ್ನ ಡಿಸ್ಕಿನಲ್ಲೇ ಎಲ್ಲೋ ಅಡಗಿಸಿಟ್ಟಿದ್ದಾನೆ, ನನ್ನ ಮನೆಯಲ್ಲಿ ಕೂತು ಇನ್ನೊಬ್ಬರ ಸಂಸಾರ ಮಾಡುತ್ತಿದ್ದಾನೆ ಎಂದು ಹುಳ ಕೊರೆಯಿತು.

ಇಷ್ಟು ಮನಸ್ಸಿನಲ್ಲೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಗೋಕಾಕದ ಬೀಗರು ಬಂದು, "ಏನ್ರಿ, ಹುಡುಗಿ ಬಸುರಾಗೂದ್ರಾಗ ವಿಡಿಯೋ ಕೊಡ್ತೀರೋ ಇಲ್ಲೋ?" ಎಂದು ಛೇಡಿಸಿದಾಗ ಮಾರ್ತಾಂಡನ ಬಾಯಿ ಜಾರಿತು. ಕಾಶಪ್ಪ ಅಲ್ಲೇ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

"ನನ್ನ ಯಾಕ ಕೇಳ್ತೀರಿ?" ಎಂದಿದ್ದ ಮಾರ್ತಾಂಡ. "ನನ್ನ ಡಿಸ್ಕಿನ್ಯಾಗ ಅರ್ಧ ಜಾಗಾ ಯಾರ ನುಂಗಿ ಕುಂತಾರ, ಕಾಶಪ್ಪನ್ನ ಕೇಳ್ರಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿಯವನಲ್ಲ ಕಾಶಪ್ಪ. ಚಹಾ ಮುಗಿಸಿದ, ಕಪ್ಪನ್ನು ತಾನೇ ಒಳಗೆ ಒಯ್ದು ತೊಳೆದಿಟ್ಟ, ಹೋದ. ಆಮೇಲೆ ಅವನ ಫೋನು ಬಂತು. ಬಾರಾಮತಿಯವರಿಗೆ ಹೂಂ ಅಂದಿದ್ದೇನೆ, ಗುರುವಾರ ಮಧ್ಯಾಹ್ನ ಬಂದು ನನ್ನ ಕ್ಯಾಮೆರಾ, ನನ್ನ ಲೈಟು ಒಯ್ಯುತ್ತೇನೆ ಎಂದು ಹೇಳಿ ಇಟ್ಟ.

ಇವತ್ತು ಗುರುವಾರ.

ಹಾಗಾಗಿ ಮಾರ್ತಾಂಡ ಬೆಳಗಿನಿಂದ ಹುಡುಕುತ್ತಿದ್ದ. ಬಾರಾಮತಿಯ ಮದುವೆಗಳು ಸಿಗಲಿ ಎಂದೇ ಅವನ ಹಾರೈಕೆ. ಸಿಕ್ಕರೆ ತಾನು ಆಡಿದ್ದು ನಿಜವಾಗುತ್ತದೆ, ಹೋಗುವವನು ಹೋಗಲಿ ಎಂದು ಬಿಡಬಹುದು. ಸಿಗದಿದ್ದರೆ ಇಡೀ ಆಯುಷ್ಯದ ಗೆಳೆಯನನ್ನು ಸುಳ್ಳೇ ಕಳ್ಳ ಅಂದಂತಾಯಿತು. ಆ ಮಾತನ್ನು ಎಲ್ಲಿ ಇಟ್ಟುಕೊಂಡು ಬದುಕುವುದು? ಅವನಿಗೆ ಅಷ್ಟು ಜಾಗ ಇರಲಿಲ್ಲ.

ಇಂದೂ ಚಹಾ ತಂದಿಟ್ಟಳು. ನಿನ್ನೆಯಿಂದ ಗಂಡನ ಜೊತೆ ಅವಳ ಮಾತು ಕಡಿಮೆ.

"ಸಿಕ್ತೇನ್ರಿ?"

"ಇಲ್ಲ."

"ಸಿಗೂದಿಲ್ಲ. ಕಾಶಪ್ಪ ಅಂಥಾವ ಅಲ್ಲ. ಫೋನ್ ಮಾಡಿ ತಪ್ಪಾತು ಅನ್ರಿ, ಮುಗೀತು."

"ಹಂಗಾರ ಜಾಗಾ ಎಲ್ಲಿ ಹೋತು? ಭೂಮಿ ಬಾಯಿ ತಗದು ನುಂಗಿತೇನು?"

"ನನಗೇನ ಗೊತ್ತರಿ ನಿಮ್ಮ ಮಷಿನ್ನಿಂದು," ಎಂದು ಇಂದೂ ಸೆರಗಿನಿಂದ ಮೇಜಿನ ಮೂಲೆ ಒರೆಸಿದಳು. "ನಾ ಅಂತೂ ಕೆಟ್ಟದ್ದನ್ನ ದಿನಾ ತಗದು ಹಾಕ್ತೀನಿ. ನನ್ನ ಕೆಲಸ ಸ್ವಚ್ಛ ಅದ."

ಅದು ನಿಜವೇ. ಮಾರ್ತಾಂಡ ತಲೆಯಾಡಿಸಿದ.

ಮಗಳು ಮಂಜರಿ ಹಿಂಜವಡಿಯ ಕಚೇರಿಯೊಂದರಲ್ಲಿದ್ದಳು. ಅವಳಿಗೆ ಫೋನು ಮಾಡಬಾರದು, ಕೆಲಸದ ಹೊತ್ತು, ಎಂದುಕೊಂಡು ಇಷ್ಟು ದಿನ ತಡೆದಿದ್ದ. ಇನ್ನು ತಡೆಯಲು ತ್ರಾಣವಿರಲಿಲ್ಲ. ಎಲ್ಲ ಕೇಳಿಕೊಂಡ ಮಂಜರಿ ಆ ಕಡೆಯಿಂದ ಪಿಸುದನಿಯಲ್ಲಿ, "ಪಪ್ಪಾ, ಮೀಟಿಂಗ್‌ದಾಗ ಇದ್ದೀನಿ. ಮ್ಯಾಲೆ 'ವ್ಯೂ' ಅಂತ ಅದ ನೋಡ್ರಿ. ಅದನ್ನ ಒತ್ತಿ 'ಹಿಡನ್ ಐಟಮ್ಸ್' ಮುಂದ ಟಿಕ್ ಹಾಕ್ರಿ. ಅಡಗಿಸಿಟ್ಟದ್ದು ಇದ್ರ ಕಾಣತಾವ. ಇಡ್ಲಾ?" ಎಂದಳು.

ಇಷ್ಟೇ. ಒಂದು ಟಿಕ್ಕು.

ಮಾರ್ತಾಂಡ ಹಾಕಿದ. ಡಿ ಡ್ರೈವಿನ ಪರದೆಯ ಮೇಲೆ, ಅಲ್ಲಿಯವರೆಗೆ ಬರಿದಾಗಿದ್ದ ಬಿಳಿ ಜಾಗದಲ್ಲಿ ಫೋಲ್ಡರುಗಳು ಒಂದೊಂದಾಗಿ ಎದ್ದು ಬಂದವು. ಮಾಸಿದ ಬಣ್ಣ, ಸಾಲು ಸಾಲು. ಹೆಸರೆಂದರೆ ಬರೀ ಅಂಕಿಗಳು. ಅವನ್ನು ಆರಿಸಿ ಎಷ್ಟೆಂದು ಕೇಳಿದ. ಡ್ರೈವಿನ ಕಾಣೆಯಾದ ಅರ್ಧ ಅಲ್ಲೇ ಕೂತಿತ್ತು.

ಸಿಕ್ಕ ಕಳ್ಳ, ಎಂದುಕೊಂಡ. ಸಂತೋಷವಾಗಬೇಕಿತ್ತು. ಆದದ್ದು ಒಂದು ತರಹದ ಸುಸ್ತು, ಜ್ವರ ಇಳಿದಾಗ ಆಗುವಂಥದ್ದು. ನಿಜವಾಗಿಯೂ ಕಾಶಪ್ಪ ಹೀಗೆ ಮಾಡಿದನೇ? ಅವನಿಗೆ ಫೋಲ್ಡರು ತೆರೆಯಲು ಮನಸ್ಸಾಗಲಿಲ್ಲ. ಚಹಾ ಆರಿ ಕೆನೆ ಕಟ್ಟಿದ ಮೇಲೆ ಒಂದನ್ನು ತೆರೆದ.

ಬಾರಾಮತಿಯ ಮದುವೆ ಇರಲಿಲ್ಲ. ಖಂಡೋಬ ಇದ್ದ.

ತಲೆ ಕತ್ತರಿಸಿಹೋದ ಖಂಡೋಬ, ಮಸುಕಾದ ಖಂಡೋಬ. ಯಾರದೋ ಬೋಳುತಲೆಯ ಹಿಂದಿನಿಂದ ಅರ್ಧ ಕಿರೀಟ ಮಾತ್ರ ಇಣುಕುವ ಖಂಡೋಬ. ಮಸೂರದ ಮೇಲೆ ಭಂಡಾರ ಬಿದ್ದು ಇಡೀ ಗುಡಿಯೇ ಹಳದಿ ಕಲೆಯಾದ ತುಣುಕು. ಪಲ್ಲಕ್ಕಿ ಬರುವಾಗ ಬೆರಳು ಅಡ್ಡ ಬಂದದ್ದು. ಎರಡನೆಯ ಫೋಲ್ಡರಿನಲ್ಲೂ ಅದೇ, ಮೂರನೆಯದರಲ್ಲೂ ಅದೇ. ವರ್ಷಗಟ್ಟಲೆ ಕೆಟ್ಟುಹೋದ ದೇವರು, ಒಂದೂ ಕೆಲಸಕ್ಕೆ ಬಾರದ್ದು. ಯಾರು ಇಡುತ್ತಾರೆ ಇದನ್ನು? ಮಾರ್ತಾಂಡನಿಗೆ ತಲೆ ಬುಡ ತಿಳಿಯಲಿಲ್ಲ.

ಮತ್ತೊಂದನ್ನು ತೆರೆದ. ಅದರಲ್ಲಿ ಬರೀ ಮೆಟ್ಟಿಲು. ಕಲ್ಲಿನ ಮೆಟ್ಟಿಲು ಎತ್ತೆತ್ತಲೋ ವಾಲುತ್ತಿತ್ತು, ಮೂಲೆಯಲ್ಲಿ ದೀಪಮಾಲೆಯ ಕಂಬವೂ ಗುಡಿಯ ಕಳಸವೂ ಹೊಯ್ದಾಡುತ್ತಿದ್ದವು. ಕ್ಯಾಮೆರಾ ನಿಲ್ಲಿಸುವುದನ್ನು ಮರೆತು ಯಾರೋ ಕೈಯಲ್ಲಿ ತೂಗಾಡಿಸಿಕೊಂಡು ಹತ್ತುತ್ತಿದ್ದರು. ಕಾಶಪ್ಪನ ದನಿ ಕೇಳಿಸಿತು.

"ಕೈ ಕೊಡಲೇ, ಮಾರ್ತಾಂಡ. ಕಾಲು ಅಲ್ಲಿಡಬ್ಯಾಡ, ಇಲ್ಲಿಡು. ಗಡಿಬಿಡಿ ಇಲ್ಲ, ದೇವರು ಎಲ್ಲೂ ಓಡಿ ಹೋಗೂದಿಲ್ಲ."

ಅದಕ್ಕೆ ಉತ್ತರವಾಗಿ ಏದುಸಿರು. ಅದು ತನ್ನದೇ ಎಂದು ಮಾರ್ತಾಂಡನಿಗೆ ಗೊತ್ತಾಗಲು ತುಸು ಹೊತ್ತು ಹಿಡಿಯಿತು. ಮಂಡಿ ಕೆಟ್ಟ ಹೊಸತು. ಅವತ್ತು ಕಾಶಪ್ಪ ಒಂದು ಕೈಯಲ್ಲಿ ಕ್ಯಾಮೆರಾ, ಒಂದು ಕೈಯಲ್ಲಿ ಇವನನ್ನು ಹಿಡಿದುಕೊಂಡು ಬೆಟ್ಟ ಹತ್ತಿದ್ದ. ಅಂಥ ತುಣುಕು ಅದೊಂದೇ ಇರಲಿಲ್ಲ. ಹುಡುಕಿದಂತೆ ಇನ್ನೂ ಸಿಕ್ಕವು: ಮಳೆಗಾಲದ್ದು, ಬಿಸಿಲಿನದ್ದು, ಚಂಪಾಷಷ್ಠಿಯ ಗದ್ದಲದ್ದು. ಪ್ರತಿಯೊಂದರಲ್ಲೂ ವಾಲುವ ಮೆಟ್ಟಿಲು, ಮೂಲೆಯಲ್ಲೊಂದು ಚೂರು ಗುಡಿ, "ಕೈ ಕೊಡು."

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಮಾರ್ತಾಂಡ ಹೆಂಡತಿಯನ್ನು ಕರೆದ. ದನಿ ಜೋರಾಗಿಯೇ ಬಂತು.

ಇಂದೂ ಹಿಟ್ಟಿನ ಕೈಯಲ್ಲೇ ಬಂದಳು. ಪರದೆ ನೋಡಿ ಅವಳ ಮುಖ ಬಿಳಿಚಿತು.

"ಅಯ್ಯ, ಇವು ಮತ್ತ ಹ್ಯಾಂಗ ಬಂದೂವು?"

"ಮತ್ತ ಅಂದ್ರ? ನೀ ಇಟ್ಟೀಯೇನು?"

"ಇಟ್ಟಿಲ್ರಿ, ಕಳಿಸಿದ್ದೆ." ಅವಳು ಸ್ಟೂಲಿನ ತುದಿಯಲ್ಲಿ ಕೂತಳು. "ಕೆಟ್ಟದ್ದನ್ನ ಕಸದ ಬುಟ್ಟಿಗೆ ಹಾಕು ಅಂದ್ರಿ. ಹಾಕಿದೆ. ಊಟದ್ದು, ಬೀಗರದು, ಎಲ್ಲಾ ಹಾಕಿದೆ. ದೇವರನ್ನ ಹ್ಯಾಂಗ ಹಾಕ್ಲಿ? ಅಲ್ಲಿ ಬುಟ್ಟಿ ಚಿತ್ರಾನ ಅದ. ಲಗ್ನಪತ್ರಿಕಾದ ಮ್ಯಾಲಿನ ಗಣಪತಿನ್ನ ಸುದ್ದಾ ನಾವು ಕಸಕ್ಕ ಹಾಕೂದಿಲ್ಲ. ಒಡದ ಫೋಟೋ ಇದ್ರ ಅರಳಿಕಟ್ಟಿಗೆ ಇಟ್ಟು ಬರ್ತೀವಿ, ಇಲ್ಲಾ ನೀರಿಗೆ ಬಿಡ್ತೀವಿ. ಇಲ್ಲಿ ಅರಳಿಕಟ್ಟಿ ಎಲ್ಲಿ ತರ್ಲಿ?"

"ಅದಕ್ಕ?"

"ಮಂಜರಿ ಕಾಲೇಜಿಗೆ ಹೋಗೂ ಮುಂದ ತೋರಿಸಿದ್ಲು. ಒಂದು ಟಿಕ್ ಹಾಕಿದ್ರ ಫೋಲ್ಡರು ಮಾಯ ಆಗ್ತದ. ದೇವರು ಇದ್ದದ್ದನ್ನೆಲ್ಲಾ ಒಂದ್ರಾಗ ಕೂಡಿಸಿ, ಕೈ ಮುಗದು, ಟಿಕ್ ಹಾಕ್ತಿದ್ದೆ. ಹೋಗಿಬಿಡ್ತಿತ್ತು. ಮತ್ತ ತುಂಬಿದ್ರ ಮತ್ತೊಂದು. ಗಣಪತಿನ್ನ ನೀರಿಗೆ ಬಿಟ್ಟ ಮ್ಯಾಲ ಎಲ್ಲಿ ಹೋದ ಅಂತ ಯಾರರ ಕೇಳ್ತಾರೇನ್ರಿ? ಹೋದ ಅಂತನ ತಿಳಕೊಂಡಿದ್ದೆ."

ಮಾರ್ತಾಂಡನಿಗೆ ಸಿಟ್ಟು ಬಂತು, ಬಂದಷ್ಟೇ ಬೇಗ ಇಳಿಯಿತು. ನಗು ಬಂತು, ಅದೂ ನಿಲ್ಲಲಿಲ್ಲ. ಇಷ್ಟು ವರ್ಷ ಈ ಹೆಂಗಸು ಅವನ ಡಿಸ್ಕಿನ ತುಂಬ ಅರಳಿಕಟ್ಟೆ ಕಟ್ಟಿದ್ದಳು. ಅವನು ಗೆಳೆಯನ ಜೇಬು ತಡಕುತ್ತಿದ್ದ.

ಇಂದೂಗೆ ಆಗ ಹೊಳೆಯಿತು. "ಅಂದ್ರ... ಜಾಗಾ ನುಂಗಿದ್ದು ಇದಾ? ಕಾಶಪ್ಪನ ಮ್ಯಾಲೆ ಬಂದದ್ದು ನನ್ನಿಂದ ಏನ್ರಿ?" ಅವಳ ಕಣ್ಣಲ್ಲಿ ನೀರು ಬಂತು. ಹಿಟ್ಟಿನ ಕೈಯಾದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ.

"ನಿನ್ನಿಂದ ಅಲ್ಲ," ಎಂದ ಮಾರ್ತಾಂಡ. "ಜಾಗಾ ನಿನ್ನಿಂದ ಹೋತು. ಬಾಯಿ ನಂದು."

ಬಾಗಿಲಲ್ಲಿ ಬೈಕು ನಿಂತ ಸದ್ದಾಯಿತು.

ಕಾಶಪ್ಪ ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಒಳಗೆ ಬಂದ. ಯಾರ ಮುಖವನ್ನೂ ನೋಡದೆ ನೇರ ಕಪಾಟಿನ ಕಡೆ ನಡೆದು, ಕೆಳಗಿನ ಹಲಗೆಯಿಂದ ತನ್ನ ಕ್ಯಾಮೆರಾದ ಚೀಲ ತೆಗೆದ. ಜಿಪ್ಪು ಎಳೆದು ಒಳಗಿದ್ದುದನ್ನು ನೋಡಿ ಮತ್ತೆ ಮುಚ್ಚಿದ. ಅವನೂ ಬಹಳ ದಣಿದಂತೆ ಕಂಡ. ಗಡ್ಡ ಬೋಳಿಸಿರಲಿಲ್ಲ.

"ಕಾಶಪ್ಪ, ಇಲ್ಲಿ ಬಾ."

"ಬಿಸಿಲು ಏರೇದ. ಬಾರಾಮತಿ ಮುಟ್ಟಬೇಕು."

"ಒಂದ ಸಲ ಬಾ. ಆಮ್ಯಾಲ ಹೋಗು."

ಮಾರ್ತಾಂಡ ಏನನ್ನೂ ಮುಚ್ಚಿಡದೆ ಹೇಳಿದ. ಟಿಕ್ಕಿನ ಕತೆ, ಬುಟ್ಟಿಯ ಕತೆ. ಇಂದೂ ನಡುನಡುವೆ "ನಂದ ತಪ್ಪು" ಎನ್ನುತ್ತಿದ್ದಳು. ಕಾಶಪ್ಪ ನಿಂತುಕೊಂಡೇ ಕೇಳಿದ. ಪರದೆಯ ಮೇಲೆ ತಲೆಯಿಲ್ಲದ ಖಂಡೋಬ ಬಂದಾಗ ಅವನ ತುಟಿಯ ಮೂಲೆ ತುಸು ಕದಲಿತು. ಮೆಟ್ಟಿಲಿನ ತುಣುಕು ಬಂದಾಗ ಕದಲಲಿಲ್ಲ. ತನ್ನ ದನಿಯನ್ನು ಕೊನೆಯವರೆಗೂ ಕೇಳಿ, ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟ.

"ತಪ್ಪಾತೋ," ಎಂದ ಮಾರ್ತಾಂಡ. ಇಷ್ಟು ಸಣ್ಣ ಮಾತು ಹೇಳಲು ಇಷ್ಟು ಕಷ್ಟವಾಗಬಾರದಿತ್ತು.

ಕಾಶಪ್ಪ ಪರದೆಯ ಕಡೆ ಬೆರಳು ಮಾಡಿದ. "ಇದನ್ನ ತಗೀದಿದ್ರ ಗೋಕಾಕದವ್ರ ಕೆಲಸ ಆಗೂದಿಲ್ಲ," ಎಂದ. "ಅಳಸು."

"ಬ್ಯಾಡ!" ಎಂದಳು ಇಂದೂ. "ಬುಟ್ಟಿಗೆ ಹಾಕಬ್ಯಾಡ್ರಿ."

"ಬುಟ್ಟಿಗೆ ಹಾಕದ ಕಳಸೂ ದಾರಿ ಅದ, ವೈನಿ." ಕಾಶಪ್ಪ ಸ್ಟೂಲು ಎಳೆದುಕೊಂಡು ಕೂತ. ಅತ್ತಿಗೆಯೆಂದು ಕರೆಯುವ ಅವಳ ಜೊತೆ ಅವನಿಗೆ ಜಗಳವಿರಲಿಲ್ಲ. "ಈ ಕೀಲಿ ನೋಡ್ರಿ, ಶಿಫ್ಟ್. ಇದನ್ನ ಒತ್ತಿ ಹಿಡಕೊಂಡು ಅಳಿಸಿದ್ರ ಬುಟ್ಟಿಗೆ ಹೋಗೂದ ಇಲ್ಲ. ಸೀದಾ ಹೋಗ್ತದ."

"ಎಲ್ಲಿಗೆ?"

"ನೀರಿಗೆ ಬಿಟ್ಟದ್ದು ಎಲ್ಲಿ ಹೋಗ್ತದ, ಅಲ್ಲಿಗೆ."

ಇಂದೂ ಯೋಚಿಸಿದಳು. ಇಷ್ಟು ಸುಲಭದ ದಾರಿ ಇದ್ದದ್ದು ಯಾರೂ ತನಗೆ ಹೇಳಲಿಲ್ಲವಲ್ಲ ಎಂಬ ಬೇಸರ ಮುಖದ ಮೇಲೆ ಬಂದು ಹೋಯಿತು. ಆಮೇಲೆ ಕೈ ತೊಳೆದುಕೊಂಡು ಬರುತ್ತೇನೆ, ತಡೆಯಿರಿ ಎಂದಳು. ಬಂದಾಗ ತಟ್ಟೆಯಲ್ಲಿ ಅಕ್ಷತೆ, ಊದಿನಕಡ್ಡಿ, ಒಂದು ಬಟ್ಟಲು ಮೊಸರವಲಕ್ಕಿ ಇತ್ತು. ಹೋಗುವ ದೇವರನ್ನು ಹಾದಿಯ ಬುತ್ತಿಯಿಲ್ಲದೆ ಕಳಿಸುವ ರೂಢಿ ಅವಳ ಮನೆಯಲ್ಲಿರಲಿಲ್ಲ.

"ಮಾರಾಯ್ತಿ, ಮಷಿನ್ ಮ್ಯಾಲೆ ಮೊಸರು ಹಾಕಬ್ಯಾಡ," ಎಂದ ಮಾರ್ತಾಂಡ.

"ಹಾಕೂದಿಲ್ರಿ. ಮುಂದ ಇಡ್ತೀನಿ."

ಕಡ್ಡಿ ಹಚ್ಚಿದಳು, ಅಕ್ಷತೆ ಹಾಕಿದಳು. ಮಾನಿಟರಿನ ತಲೆಯ ಮೇಲೆ ನಾಲ್ಕು ಕಾಳು ನಿಂತವು, ಉಳಿದವು ಕೀಲಿಮಣೆಯ ಸಂದಿಗೆ ಹೋಗಿ ಹಳೆಯ ಭಂಡಾರದ ಜೊತೆ ಸೇರಿದವು. ಉತ್ತರಪೂಜೆಯಾದ ಮೇಲೆ ಗಣಪತಿಯನ್ನು ಕೂತಲ್ಲಿಂದ ಒಂದು ಬೆರಳು ಕದಲಿಸುತ್ತಾರೆ. ಕದಲಿಸಿದರೆ ಅದರಲ್ಲಿ ದೇವರಿಲ್ಲ, ಬರೀ ಮಣ್ಣು. ಆಮೇಲೆಯೇ ನೀರಿಗೆ ಒಯ್ಯುವುದು.

"ಕದಲಸ್ರಿ, ವೈನಿ," ಎಂದ ಕಾಶಪ್ಪ.

ಇಂದೂ ಮೌಸು ಹಿಡಿದಳು. ಮಾಸಿದ ಫೋಲ್ಡರುಗಳನ್ನೆಲ್ಲ ಒಟ್ಟಿಗೆ ಆರಿಸಿ, ಮೆಲ್ಲಗೆ, ನಿಜವಾದ ಮೂರ್ತಿಯನ್ನು ಸರಿಸುವಷ್ಟೇ ಮೆಲ್ಲಗೆ ಎಳೆದು, ಅದಕ್ಕೆಂದೇ ಪಕ್ಕದಲ್ಲಿ ಮಾಡಿದ ಹೊಸ ಫೋಲ್ಡರಿಗೆ ಬಿಟ್ಟಳು. ಕೈ ಮುಗಿದಳು. "ಏಳುಕೋಟಿ ಏಳುಕೋಟಿಗೋ," ಎಂದು ಕಾಶಪ್ಪ ಸಣ್ಣಗೆ ಅಂದ. ಮಾರ್ತಾಂಡನ ಬಾಯಿಂದಲೂ ಅದೇ ಬಂತು. ಇಬ್ಬರೂ ಬೆಟ್ಟದ ಮೇಲೆ ಎಷ್ಟೋ ಸಾವಿರ ಸಲ ಒಟ್ಟಿಗೆ ಕೂಗಿದ ಮೈಲಾರನ ಜಯಕಾರವದು, ಜಗಳ ಇದ್ದಾಗಲೂ ನಾಲಿಗೆ ಮರೆಯುವುದಿಲ್ಲ.

ಇಂದೂ ಶಿಫ್ಟ್ ಒತ್ತಿ ಹಿಡಿದಳು. ಇದು ಶಾಶ್ವತವಾಗಿ ಹೋಗುತ್ತದೆ, ಆಗಬಹುದೇ ಎಂದು ಯಂತ್ರ ಕೇಳಿತು. "ಹೋಗಿ ಬಾರಪ್ಪ," ಎಂದು ಅವಳು ಹೌದು ಎಂದಳು. ಹಸಿರು ಗೆರೆ ಎಡದಿಂದ ಬಲಕ್ಕೆ ತೆವಳತೊಡಗಿತು. ಮೂವರೂ ನೋಡುತ್ತ ಕೂತರು. ಡ್ರೈವಿನ ಕೆಂಪು ಬಣ್ಣ ನೀಲಿಗೆ ತಿರುಗಿ, ಅರ್ಧ ಬರಿದಾಗಿ ಬಂತು. ಇಷ್ಟು ಜಾಗವೇ ಎಂದು ಮಾರ್ತಾಂಡನಿಗೆ ಆಶ್ಚರ್ಯವಾಯಿತು, ಸಂತೋಷ ಮಾತ್ರ ಆಗಲಿಲ್ಲ. ಮೆಟ್ಟಿಲಿನ ತುಣುಕುಗಳೂ ಅದರ ಜೊತೆಗೇ ಹೋದವು ಎಂಬುದು ಗೆರೆ ಮುಗಿದ ಮೇಲೆ ನೆನಪಾಯಿತು.

ಕಾಶಪ್ಪನಿಗೂ ನೆನಪಾಗಿರಬೇಕು. ಅವನು ಎದ್ದು ಹೆಲ್ಮೆಟ್ಟು ತೆಗೆದುಕೊಂಡ.

"ಅವರ ಮುಂದ ಯಾಕ ಅಂದಿ, ಮಾರ್ತಾಂಡ?" ಎಂದ. ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ಕೇಳಲು ಕಷ್ಟವಾಗಿತ್ತು. "ಒಳಗ ಕರದು ಕೇಳಬಹುದಿತ್ತಲ್ಲ. ಲೇ ಕಾಶ್ಯಾ, ಏನ ಇಟ್ಟಿ ಅಂತ ಕೇಳಿದ್ರ ನಾ ಅಳತಿದ್ನೇನು? ಗೋಕಾಕದವ್ರು ಊರಿಗೆ ಹೋಗಿ ಹೇಳ್ತಾರ. ನಮ್ಮವ್ವನ ತವರು ಅದು."

"ಅವರಿಗೆ ಫೋನ್ ಮಾಡಿ ಹೇಳ್ತೀನಿ," ಎಂದ ಮಾರ್ತಾಂಡ.

"ಹೇಳು." ಕಾಶಪ್ಪ ಚೀಲ ಹೆಗಲಿಗೇರಿಸಿದ. "ರವಿವಾರ ಜೇಜುರಿ ಕೆಲಸ ಇಬ್ಬರೂ ಕೂಡಿ ಒಪ್ಪಿಕೊಂಡೀವಿ. ಅದಕ್ಕ ಬರ್ತೀನಿ. ಮುಂದಿಂದು ನನ್ನ ಕೇಳಬ್ಯಾಡ."

ಇಂದೂ ಮೊಸರವಲಕ್ಕಿಯ ಬಟ್ಟಲು ಅವನ ಮುಂದೆ ಹಿಡಿದಳು. ದೇವರು ಮುಟ್ಟದ್ದನ್ನು ಅವನು ನಿಂತೇ ತಿಂದು, ಬಟ್ಟಲು ತೊಳೆದಿಟ್ಟು ಹೋದ. ಸಂಜೆಯೊಳಗೆ ಗೋಕಾಕದ ಹುಡುಗ ಹೆಂಡತಿಯನ್ನು ಹೊತ್ತು ಉಳಿದ ಮೆಟ್ಟಿಲು ಹತ್ತಿ ಮುಗಿಸಿದ. ಮಾರ್ತಾಂಡ ಗೋಕಾಕಕ್ಕೆ ಫೋನು ಮಾಡಿ ವಿಡಿಯೋ ಆಯಿತು ಎಂದ, ಕಾಶಪ್ಪನದು ಏನೂ ತಪ್ಪಿರಲಿಲ್ಲ, ನನ್ನದೇ ಬಾಯಿ ಕೆಟ್ಟದ್ದು ಎಂದೂ ಹೇಳಿದ. ಆ ಕಡೆಯವರು "ಆತ್ ಬಿಡ್ರಿ, ವಿಡಿಯೋ ಆತಲ್ಲ," ಎಂದರು. ಅವರಿಗೆ ಅದರ ನೆನಪೇ ಇದ್ದಂತಿರಲಿಲ್ಲ. ಅದು ಅವನನ್ನು ಇನ್ನಷ್ಟು ಚುಚ್ಚಿತು.

ರವಿವಾರ ದಿವೆ ಘಾಟಿನ ತಿರುವುಗಳಲ್ಲಿ ಗಾಡಿ ಏರುವಾಗ ಮಾರ್ತಾಂಡ ಆ ದಿನದ ಮದುಮಕ್ಕಳ ಜೊತೆ ಹಿಂದೆ ಕೂತಿದ್ದ, ಕಾಶಪ್ಪ ತನ್ನ ಬೈಕಿನಲ್ಲಿ ಮುಂದೆ ಹೋಗಿದ್ದ. ಜೇಜುರಿಯಲ್ಲಿ ಬೆಟ್ಟದ ಬುಡದಲ್ಲಿ ಸಿಕ್ಕಾಗ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಬೆಳಕು ಹೇಗಿದೆ, ಬ್ಯಾಟರಿ ತುಂಬಿದೆಯೇ, ಅಜ್ಜಿಯನ್ನು ಡೋಲಿಯಲ್ಲಿ ಕಳಿಸೋಣವೇ. ಕಾಶಪ್ಪ ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಸುತ್ತಿ, ಮದುಮಕ್ಕಳ ಮುಂದೆ ಹಿಂದೆ ಓಡಾಡುತ್ತ ಹತ್ತತೊಡಗಿದ. ಭಂಡಾರ ಹಾರಿತು, ಜನ ಕೂಗಿದರು.

ಮಾರ್ತಾಂಡ ಹಿಂದೆ ಉಳಿದ. ಗೋಡೆ ಹಿಡಿದು ಒಂದು ಮೆಟ್ಟಿಲು, ನಿಂತು ಇನ್ನೊಂದು. ಮಂಡಿ ನೋವಿನ ಜೊತೆ ಆವತ್ತು ಮನಸ್ಸೂ ಭಾರ. ದೇವರೇ, ಕಂಪ್ಯೂಟರಿಗೆ ಇರುವಂಥ 'ಹಿಂದಕ್ಕೆ' ಅನ್ನುವ ಕೀಲಿಯೊಂದನ್ನು ಮನುಷ್ಯನ ಬಾಯಿಗೂ ಇಟ್ಟಿದ್ದರೆ ಏನಾಗುತ್ತಿತ್ತು ನಿನಗೆ ಎಂದು ನೇರವಾಗಿಯೇ ಕೇಳಿದ. ಬಿಸಿಲಿಗೆ ಕಣ್ಣು ಕತ್ತಲೆ ಬಂದಂತಾಗಿ ಗೋಡೆಗೆ ಒರಗಿ ನಿಂತ.

ತಲೆ ಎತ್ತಿದಾಗ ಕಾಶಪ್ಪ ಎರಡು ಮೆಟ್ಟಿಲು ಮೇಲೆ ಬೆನ್ನು ತಿರುಗಿಸಿಕೊಂಡು ನಿಂತಿದ್ದ. ಹಿಂದಿರುಗಿ ನೋಡಲಿಲ್ಲ. ಮೇಲೆ ಮದುಮಕ್ಕಳು ದೂರವಾಗುತ್ತಿದ್ದರು. ಅವನು ಕ್ಯಾಮೆರಾವನ್ನು ಎಡಗೈಯಿಂದ ಬಲಗೈಗೆ ಬದಲಿಸಿದ. ಎಡಗೈ ಹಿಂದಕ್ಕೆ ಚಾಚಿತು, ಅಂಗೈ ತೆರೆದುಕೊಂಡು ಸುಮ್ಮನೆ ಕಾಯಿತು.

ಮಾರ್ತಾಂಡ ಹಿಡಿದುಕೊಂಡ.

ಆ ದಿನ ಸಂಜೆ ಹಡಪಸರಕ್ಕೆ ಬಂದ ಮೇಲೆ ಕಾಶಪ್ಪ ತನ್ನ ಕ್ಯಾಮೆರಾದ ಚೀಲವನ್ನು ಕಪಾಟಿನ ಕೆಳಗಿನ ಹಲಗೆಯಲ್ಲಿ ಅದರ ಜಾಗಕ್ಕೇ ಇಟ್ಟು, ನಾಳೆ ಬಾರಾಮತಿಗೆ ಫೋನು ಮಾಡಬೇಕು ಎಂದಷ್ಟೇ ಇಂದೂಗೆ ಹೇಳಿ ಹೋದ.

ಮರುದಿನ ಮಧ್ಯಾಹ್ನ ಪಾತ್ರೆ ತೊಳೆದು ಬಂದು ಕೂತ ಇಂದೂ ಕೆಟ್ಟ ತುಣುಕುಗಳನ್ನು ಆರಿಸುತ್ತಿದ್ದಳು. ಬೀಗರ ಬೆನ್ನು ಬುಟ್ಟಿಗೆ ಹೋಯಿತು. ಯಾರದೋ ಚಪ್ಪಲಿ ಬುಟ್ಟಿಗೆ ಹೋಯಿತು. ಒಂದು ತುಣುಕಿಗೆ ಬಂದು ಅವಳ ಕೈ ನಿಂತಿತು. ಮೆಟ್ಟಿಲು ಎತ್ತೆತ್ತಲೋ ವಾಲುತ್ತಿತ್ತು, ಎರಡು ಜೊತೆ ಕಾಲು, ಯಾರದೋ ಏದುಸಿರು.

"ಇದು ಪೂರಾ ಕೆಟ್ಟದ ನೋಡ್ರಿ," ಎಂದಳು. "ಆದ್ರ ಮೂಲ್ಯಾಗ ಕಳಸ ಬಂದದ. ಏನ ಮಾಡ್ಲಿ? ಶಿಫ್ಟ್ ಒತ್ತಿ ಕಳಿಸಿಬಿಡ್ಲ್ಯಾ?"

ಮಾರ್ತಾಂಡ ಕನ್ನಡಕ ಹಾಕಿಕೊಂಡು ಬಾಗಿ ನೋಡಿದ.

"ಇರಲಿ ಬಿಡು," ಎಂದ. "ಜಾಗಾ ಅದ."